ಹಂಡೆ, ತಂಬಿಗೆ ಮತ್ತು ಕಾರಿನ ಹೀಟರ್

2010ರ ಡಿಸೆಂಬರ್ ಇಲ್ಲಿದ್ದವರಿಗೆ ಮರೆತಿರಲಾರದು. ಬ್ರಿಟನ್ನಿನಲ್ಲಿ ನೂರು ವರ್ಷಕ್ಕೂ ಮೇಲ್ಪಟ್ಟು ಅಂಥ ಚಳಿಯ ಡಿಸೆಂಬರ್ ಬಂದಿರಲಿಲ್ಲ. 18ನೇ ತಾರೀಕು ಹಿಮ ಬಿದ್ದು ಹೀಥ್ರೋ ವಿಮಾನ ನಿಲ್ದಾಣವೇ ಮುಚ್ಚಿತು. ನಾನಾಗ ಸೌತ್‌ಹಾಲ್‌ನಲ್ಲಿ ಬಾಡಿಗೆ ರೂಮಿನಲ್ಲಿದ್ದೆ. ಬೆಳಗಿನ 5 ಗಂಟೆಯ ಶಿಫ್ಟ್, 12 ವರ್ಷ ಹಳೆಯ ಸಣ್ಣ ಪೆಟ್ರೋಲ್ ಕಾರು. ನಾಲ್ಕೂಕಾಲಿಗೆ ಎದ್ದು ಹೊರಗೆ ಹೋದರೆ ಗಾಜಿನ ಮೇಲೆ ಉಪ್ಪು ಸುರಿದ ಹಾಗೆ ಮಂಜು ಗಟ್ಟಿಯಾಗಿ ಕೂತಿರುತ್ತಿತ್ತು. ಇಂಜಿನ್ ಚಾಲೂ ಮಾಡಿ ಕೈ ಉಜ್ಜಿಕೊಂಡು ಕೂರುವಾಗ ದಿನಾ ಒಂದೇ ಪ್ರಶ್ನೆ: ಹೀಟರ್ ಹಾಕಬೇಕೋ, ಬಿಡಬೇಕೋ?

ರೂಮ್‌ಮೇಟ್ ತೀರ್ಥಹಳ್ಳಿಯವನು. "ಫುಲ್ ಇಡೋ ಮಾರಾಯ, ಹೀಟರ್ ಬಿಸಿಯಾದ್ರೆ ಇಂಜಿನ್ನೂ ಬೇಗ ಬಿಸಿಯಾಗ್ತದೆ" ಅಂತ ಅವನ ವಾದ. ಮನೆ ಮಾಲೀಕರು ವಯಸ್ಸಾದ ಪಂಜಾಬಿ. ಸೌತ್‌ಹಾಲ್‌ನ ಎ.ಇ.ಸಿ. ಬಸ್ ಕಾರ್ಖಾನೆ 1979ರಲ್ಲಿ ಮುಚ್ಚುವ ತನಕ ಅಲ್ಲೇ ಕೆಲಸ ಮಾಡಿದವರು. ಕಿಟಕಿಯಿಂದಲೇ ಕೈ ಆಡಿಸಿ, ಬಂದ್ ಕರೋ, ಮುಳ್ಳು ಮೇಲೆ ಬರೋವರೆಗೆ ಹೀಟರ್ ಮುಟ್ಟಬೇಡ ಅನ್ನುತ್ತಿದ್ದರು. ಕೆಲಸದ ಕಡೆಯ ಇನ್ನೊಬ್ಬರ ಉಪದೇಶ ಬೇರೆಯೇ: ಅರ್ಧ ಗಂಟೆ ಇಂಜಿನ್ ಓಡಿಸದೆ ಹೊರಡಲೇಬೇಡ. ಮೂವರೂ ಅನುಭವಸ್ಥರು. ಮೂವರ ಮಾತೂ ಬೇರೆ ಬೇರೆ. ಈ ಜಗಳದ ಬುಡ ಹುಡುಕುತ್ತಾ ಹೋದಾಗ ಅದಕ್ಕೆ ನೂರು ವರ್ಷದ ಚರಿತ್ರೆ ಇದೆ ಅಂತ ಗೊತ್ತಾಯಿತು. ಅದರ ಬಹುಪಾಲು ನಡೆದಿದ್ದು ನಾವು ದಿನಾ ಓಡಾಡುವ ಬ್ರೆಂಟ್‌ಫರ್ಡ್, ಸೌತ್‌ಹಾಲ್, ಡ್ಯಾಗನಂಗಳಲ್ಲೇ.

ಮೊದಲು ಸಂಗತಿ ಏನು ಅಂತ ನೋಡಿ. ಕಾರಿನ ಹೀಟರ್‌ಗೆ ತನ್ನದೇ ಬೆಂಕಿ ಇಲ್ಲ. ಇಂಜಿನ್ ಸುತ್ತ ಹರಿದು ಬಿಸಿಯಾದ ನೀರು ಡ್ಯಾಶ್‌ಬೋರ್ಡ್ ಹಿಂದಿರುವ ಒಂದು ಪುಟ್ಟ ರೇಡಿಯೇಟರ್‌ಗೆ ಬರುತ್ತದೆ. ಬ್ಲೋವರ್ ಅದರ ಮೂಲಕ ಗಾಳಿ ಊದುತ್ತದೆ. ಅಷ್ಟೇ. ಊರಿನ ಬಚ್ಚಲ ಹಂಡೆ ನೆನಪು ಮಾಡಿಕೊಳ್ಳಿ. ಒಲೆಗೆ ಆಗಷ್ಟೇ ಬೆಂಕಿ ಹಾಕಿದ್ದೀರಿ. ನೀರು ಉಗುರು ಬೆಚ್ಚಗೂ ಆಗಿಲ್ಲ. ಆಗಲೇ ಒಬ್ಬರು ತಂಬಿಗೆಯಲ್ಲಿ ತೋಡಿಕೊಂಡು, ಅಷ್ಟೇ ತಣ್ಣೀರು ವಾಪಸ್ ಸುರಿಯುತ್ತಾ ಇದ್ದರೆ ಹಂಡೆ ಕಾಯುವುದು ಯಾವಾಗ? ಕಾರಿನಲ್ಲಿ ಹಂಡೆ ಅಂದರೆ ಇಂಜಿನ್, ತಂಬಿಗೆ ಅಂದರೆ ಬ್ಲೋವರ್.

ಒಂದು ಅಂದಾಜು ಲೆಕ್ಕ ಹಾಕೋಣ. ನಿಂತಲ್ಲೇ ಓಡುವ ಸಣ್ಣ ಪೆಟ್ರೋಲ್ ಇಂಜಿನ್ ಗಂಟೆಗೆ ಸುಮಾರು 0.7 ಲೀಟರ್ ಕುಡಿಯುತ್ತದೆ ಅಂದುಕೊಳ್ಳಿ. ಒಂದು ಲೀಟರ್ ಪೆಟ್ರೋಲ್‌ನಲ್ಲಿ ಹತ್ತಿರ ಹತ್ತಿರ 9 ಯೂನಿಟ್ ಕರೆಂಟಿನಷ್ಟು ಶಕ್ತಿ ಇದೆ. ಅದರಲ್ಲಿ ಮೂರನೇ ಒಂದು ಪಾಲು ನೀರಿಗೆ ಹೋಗುತ್ತದೆ. ಅಂದರೆ 2 ಕಿಲೋವ್ಯಾಟ್, ನಮ್ಮ ರೂಮಿನ ಮೂಲೆಯಲ್ಲಿಟ್ಟುಕೊಳ್ಳುವ ಫ್ಯಾನ್ ಹೀಟರ್‌ನಷ್ಟು. ಅಷ್ಟರಲ್ಲಿ ಸುಮಾರು 100 ಕಿಲೋ ಲೋಹವನ್ನೂ ಐದಾರು ಲೀಟರ್ ನೀರನ್ನೂ ಸೊನ್ನೆಯಿಂದ 85 ಡಿಗ್ರಿಗೆ ಏರಿಸಬೇಕು. ಒಂದು ಹನಿ ಶಾಖವೂ ಪೋಲಾಗದಿದ್ದರೂ ಮುಕ್ಕಾಲು ಗಂಟೆ ಬೇಕು. ಇನ್ನು ಹೀಟರ್ ಫುಲ್ ಇಟ್ಟರೆ ಅದಕ್ಕೆ ಆ 2 ಕಿಲೋವ್ಯಾಟನ್ನೂ ನುಂಗುವ ತಾಕತ್ತಿದೆ. ಮುಳ್ಳು ಮೇಲೇಳದೆ ಇರುವುದರಲ್ಲಿ ಆಶ್ಚರ್ಯ ಏನು? ಅದೇ ಕಾರನ್ನು ರಸ್ತೆಗಿಳಿಸಿ ನಿಧಾನಕ್ಕೆ ಓಡಿಸಿದರೆ ಇಂಜಿನ್ ಹೆಚ್ಚು ಕೆಲಸ ಮಾಡುತ್ತದೆ, ನಾಲ್ಕೈದು ಪಟ್ಟು ಶಾಖ ಬರುತ್ತದೆ, ಹತ್ತು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಹಾಗಾದರೆ ಅನುಭವಸ್ಥರು ಮೂರು ಥರ ಹೇಳುವುದು ಯಾಕೆ? ಒಬ್ಬೊಬ್ಬರೂ ಒಂದೊಂದು ಕಾಲದ ಕಾರಿನ ಬುದ್ಧಿ ಹೇಳುತ್ತಿದ್ದರು.

ಮೊದಮೊದಲ ಕಾರುಗಳಲ್ಲಿ ಹೀಟರ್ ಎಂಬುದೇ ಇರಲಿಲ್ಲ. ತುಪ್ಪಳದ ಕೋಟು, ಕಾಲ ಮೇಲೆ ಕಂಬಳಿ, ಪಾದದ ಕೆಳಗೆ ಬಿಸಿನೀರಿನ ಡಬ್ಬಿ, ಹೀಗೆ ಕುದುರೆ ಗಾಡಿಯವರ ಉಪಾಯವೇ ಕಾರಿಗೂ ಬಂತು. ಇಂಜಿನ್ನಿನ ಪಾಡು ಇನ್ನೂ ಕಷ್ಟ. ಫೋರ್ಡ್ ಮಾಡೆಲ್ ಟಿ, ಆಸ್ಟಿನ್ ಸೆವೆನ್‌ನಂಥ ಗಾಡಿಗಳಲ್ಲಿ ನೀರಿಗೆ ಪಂಪ್ ಕೂಡ ಇರಲಿಲ್ಲ. ಬಿಸಿ ನೀರು ತಾನಾಗಿ ಮೇಲೇರಿ ರೇಡಿಯೇಟರ್‌ಗೆ ಹೋಗಿ ತಣ್ಣಗಾಗಿ ಕೆಳಗಿಳಿಯಬೇಕು. ಬೇಸಿಗೆಗೆ ಸರಿ, ಚಳಿಯಲ್ಲಿ ಇಂಜಿನ್ ಅರೆಬೆಚ್ಚಗೇ ಉಳಿದುಬಿಡುತ್ತಿತ್ತು. ಅದಕ್ಕೇ ರೇಡಿಯೇಟರ್ ಮುಂದೆ ರೆಕ್ಸಿನ್ ಹೊದಿಕೆ ಕಟ್ಟುವುದು, ಬಾನೆಟ್ ಮೇಲೆ ಹಳೇ ರಗ್ಗು ಹೊದಿಸುವುದು, ಕೆಳಗೆ ರಾತ್ರಿಯಿಡೀ ಸೀಮೆಎಣ್ಣೆ ದೀಪ ಹಚ್ಚಿಡುವುದು ಶುರುವಾಯಿತು. ಆಂಟಿಫ್ರೀಜ್ ಹಾಕದವರು ರಾತ್ರಿ ರೇಡಿಯೇಟರ್ ಕೆಳಗಿನ ನಲ್ಲಿ ತೆರೆದು ನೀರೆಲ್ಲ ಸುರಿದುಬಿಡಬೇಕು. ಮರೆತರೆ ನೀರು ಹೆಪ್ಪುಗಟ್ಟಿ ಹಿಗ್ಗಿ ಇಂಜಿನ್ ಬ್ಲಾಕೇ ಸೀಳುತ್ತಿತ್ತು. ಬೆಳಿಗ್ಗೆ ಕೆಟಲ್‌ನಲ್ಲಿ ಕಾಸಿದ ನೀರು ತುಂಬಿ, ಹ್ಯಾಂಡಲ್ ತಿರುಗಿಸಿ, ಸ್ಟಾರ್ಟ್ ಆದ ಮೇಲೆ ಬಹಳ ಹೊತ್ತು ಓಡಿಸಿಟ್ಟು ಹೊರಡಬೇಕು. "ಅರ್ಧ ಗಂಟೆ ಓಡಿಸು" ಅನ್ನುವ ಮಾತಿನ ತವರು ಇದು. ಆ ಕಾಲಕ್ಕೆ ಅದು ತಪ್ಪಲ್ಲ. ಬೇರೆ ದಾರಿ ಇರಲಿಲ್ಲ.

ಈ ನಂಬಿಕೆಗೆ ಮೊದಲ ಪೆಟ್ಟು ಕೊಟ್ಟಿದ್ದು ಬ್ರೆಂಟ್‌ಫರ್ಡ್. ಗ್ರೇಟ್ ವೆಸ್ಟ್ ರೋಡ್ ನಮ್ಮವರು ದಿನಾ ಹೋಗುವ ರಸ್ತೆ. ಇನ್‌ಸ್ಟಿಟ್ಯೂಷನ್ ಆಫ್ ಆಟೋಮೊಬೈಲ್ ಇಂಜಿನಿಯರ್ಸ್ ಸಂಸ್ಥೆಯ ಸಂಶೋಧನಾ ವಿಭಾಗ ಆ ರಸ್ತೆಯಲ್ಲಿತ್ತು. (ಅದೇ 1946ರಲ್ಲಿ ಮೋಟಾರ್ ಇಂಡಸ್ಟ್ರಿ ರಿಸರ್ಚ್ ಅಸೋಸಿಯೇಷನ್ ಆಯಿತು.) 1930ರ ದಶಕದಲ್ಲಿ ಸಿ.ಜಿ. ವಿಲಿಯಮ್ಸ್ ನೇತೃತ್ವದಲ್ಲಿ ಅವರು ಹಿಡಿದ ಪ್ರಶ್ನೆ ಸರಳ: ಇಂಜಿನ್ ಸಿಲಿಂಡರ್ ಸವೆಯುವುದು ಯಾಕೆ? ಓಡಿ ಓಡಿ, ಉಜ್ಜಿ ಉಜ್ಜಿ ಸವೆಯುತ್ತದೆ ಅಂತ ಎಲ್ಲರೂ ತಿಳಿದಿದ್ದರು. ಅವರು ಕಂಡಿದ್ದು ಬೇರೆ. ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು ಒಂದು ಲೀಟರ್ ನೀರೂ ಹುಟ್ಟುತ್ತದೆ, ಆವಿಯ ರೂಪದಲ್ಲಿ. ಸಿಲಿಂಡರ್ ಬಿಸಿ ಇದ್ದರೆ ಆವಿ ಹೊಗೆಯ ಜೊತೆ ಹೊರಗೆ ಹೋಗುತ್ತದೆ. ತಣ್ಣಗಿದ್ದರೆ ಗೋಡೆಗೆ ಬೆವರಿನ ಹಾಗೆ ಅಂಟಿ, ಇಂಧನದ ಆಮ್ಲ ಸೇರಿ, ಕಬ್ಬಿಣವನ್ನು ತಿನ್ನುತ್ತದೆ. ಅಂದರೆ ಇಂಜಿನ್ನಿಗೆ ದೊಡ್ಡ ಶತ್ರು ತಣ್ಣಗೇ ಓಡುವುದು. ಅವರ ವರದಿಗಳು ಒಟ್ಟಾಗಿ 1940ರಲ್ಲಿ ಪುಸ್ತಕವಾಗಿ ಬಂದವು.

ಬೆಳಿಗ್ಗೆ ಅರ್ಧ ಗಂಟೆ ನಿಂತಲ್ಲೇ ಓಡಿಸಿ ಇಂಜಿನ್ನಿಗೆ ಒಳ್ಳೆಯದು ಮಾಡುತ್ತಿದ್ದೇವೆ ಅಂದುಕೊಂಡವರು ಅದಕ್ಕೆ ತುಕ್ಕಿನ ನೀರು ಕುಡಿಸುತ್ತಿದ್ದರು ಅಂತಾಯಿತಲ್ಲ! ಎಂಬತ್ತು ವರ್ಷದ ಹಿಂದೆಯೇ, ನಮ್ಮ ಮನೆಯಿಂದ ನಾಲ್ಕೈದು ಮೈಲಿ ದೂರದಲ್ಲಿ ತೀರ್ಮಾನವಾದ ವಿಷಯ. ಇವತ್ತಿಗೂ ಪಾರ್ಕಿಂಗ್ ಜಾಗದಲ್ಲಿ ಚರ್ಚೆ ಮುಗಿದಿಲ್ಲ.

ಇದಕ್ಕೆ ಮದ್ದು ಥರ್ಮೋಸ್ಟಾಟ್. ಒಳಗೆ ಮೇಣ ತುಂಬಿದ ಪುಟ್ಟ ಕವಾಟ. ನೀರು ತಣ್ಣಗಿದ್ದಾಗ ದೊಡ್ಡ ರೇಡಿಯೇಟರ್‌ನ ಬಾಗಿಲು ಮುಚ್ಚಿರುತ್ತದೆ, ನೀರು ಇಂಜಿನ್ನಿನಲ್ಲೇ ಸುತ್ತುತ್ತದೆ. ಬಿಸಿಯಾದಾಗ ಮೇಣ ಕರಗಿ ಹಿಗ್ಗಿ ಬಾಗಿಲು ತೆರೆಯುತ್ತದೆ. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಎ ಸೀರೀಸ್ ಇಂಜಿನ್ನಿಗೆ ಮೂರು ಬಗೆ ಸಿಗುತ್ತಿತ್ತು: ಉಷ್ಣ ದೇಶಗಳಿಗೆ 74 ಡಿಗ್ರಿ, ಮಾಮೂಲಿಗೆ 82, ಚಳಿಗೆ 88. ನಮ್ಮಂಥ ದೇಶದವರಿಗೇ ಅಂತ ಒಂದು ಲೆಕ್ಕ ಇಟ್ಟಿದ್ದರು ನೋಡಿ.

ಇಲ್ಲಿಯವರೆಗೆ ಇಂಜಿನ್ನಿನ ಕಥೆ. ಹೀಟರ್ ಬಂದಿದ್ದು ಮನುಷ್ಯನಿಗಾಗಿ. ಮೊದಲು ಹೊಗೆ ಕೊಳವೆಯ ಶಾಖವನ್ನೇ ಒಳಗೆ ಬಿಡುವ ಹೀಟರ್‌ಗಳಿದ್ದವು. ಕೊಳವೆ ಎಲ್ಲಾದರೂ ತೂತಾದರೆ ಬಿಸಿಗಾಳಿಯ ಜೊತೆ ಕಾರ್ಬನ್ ಮೊನಾಕ್ಸೈಡೂ ಬರುತ್ತಿತ್ತು. ಆಮೇಲೆ ಬಿಸಿನೀರಿನ ಹೀಟರ್. ಅಮೆರಿಕದ ನ್ಯಾಶ್ ಕಂಪನಿ 1938ರಲ್ಲಿ "ವೆದರ್ ಐ" ಅಂತ ತಂದಿತು. ಹೊರಗಿನ ತಾಜಾ ಗಾಳಿಯನ್ನು ಎಳೆದು, ಬಿಸಿನೀರಿನ ಜಾಲರಿಯಲ್ಲಿ ಹಾಯಿಸಿ ಒಳಗೆ ಬಿಡುವ ಏರ್ಪಾಡು. ಇವತ್ತು ನಮ್ಮ ಕಾರಿನಲ್ಲಿರುವುದು ಹೆಚ್ಚುಕಮ್ಮಿ ಅದೇ.

ಬ್ರಿಟನ್ನಿನವರು ಮಾತ್ರ ಹೀಟರನ್ನು ಬಹಳ ವರ್ಷ ಶೋಕಿ ಅಂತಲೇ ಎಣಿಸಿದರು. 1948ರ ಅಕ್ಟೋಬರ್‌ನಲ್ಲಿ ಲಂಡನ್ನಿನ ಅರ್ಲ್ಸ್ ಕೋರ್ಟ್ ಪ್ರದರ್ಶನದಲ್ಲಿ ಮಾರಿಸ್ ಮೈನರ್ ಬಂತು. ಹೀಟರ್ ಬೇಕಾದರೆ ಬೇರೆ ದುಡ್ಡು. 1959ರಲ್ಲಿ ಮಿನಿ ಬಂದಾಗಲೂ ಅದೇ ಕಥೆ. ಹೆಚ್ಚಿನವರು ಸ್ಮಿತ್ಸ್ ಕಂಪನಿಯ ಗುಂಡನೆಯ ಹೀಟರ್ ತಂದು ಕಾಲ ಹತ್ತಿರ ಕೂರಿಸಿಕೊಳ್ಳುತ್ತಿದ್ದರು. ಅದಕ್ಕೆ ಬಿಸಿನೀರು ಬಿಡಲು ಇಂಜಿನ್ ಮೇಲೆ ಒಂದು ಪುಟ್ಟ ನಲ್ಲಿ. ಬೇಸಿಗೆ ಬಂದಾಗ ಬಾನೆಟ್ ಎತ್ತಿ ನಲ್ಲಿ ಮುಚ್ಚುವುದು, ಚಳಿಗೆ ತೆರೆಯುವುದು. ಎ.ಇ.ಸಿ. ಅಂಕಲ್‌ಜೀ "ಬಂದ್ ಕರೋ" ಅಂದಿದ್ದು ಈ ನಲ್ಲಿಯನ್ನು ಕಂಡ ಕಾಲದ ಮಾತು. ನಲ್ಲಿ ಮುಚ್ಚಿದರೆ ನೀರು ಹೀಟರ್ ಕಡೆಗೆ ಹೋಗುವುದೇ ಇಲ್ಲ, ಇಂಜಿನ್ ಬೇಗ ಬಿಸಿಯಾಗುತ್ತದೆ.

ನಮ್ಮೂರಿನಲ್ಲಿ ಇದ್ಯಾವುದೂ ಗೊತ್ತಾಗದಿರುವುದಕ್ಕೆ ಕಾರಣವೂ ಇದೆ. ನಮ್ಮ ಅಂಬಾಸಡರ್ ಅಂದರೆ ಆಕ್ಸ್‌ಫರ್ಡ್ ಪಕ್ಕದ ಕೌಲಿಯಲ್ಲಿ ತಯಾರಾದ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರೇ. ಬಂಗಾಳದ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾಯಿತು. ಊರಲ್ಲಿ ನಾನು ಹತ್ತಿದ ಒಂದು ಅಂಬಾಸಡರ್‌ನಲ್ಲೂ ಹೀಟರ್ ಕಂಡಿಲ್ಲ. ಯಾಕೆ ಬೇಕು? ಬೆಂಗಳೂರಿನ ದಾಖಲೆಯ ಚಳಿ ಅಂದರೆ 1884ರ ಜನವರಿಯ 7.8 ಡಿಗ್ರಿ. ಇಲ್ಲಿ ಅಷ್ಟಿದ್ದರೆ ಜನ ಜಾಕೆಟ್ ಬಿಚ್ಚಿ ಹೆಗಲ ಮೇಲೆ ಹಾಕಿಕೊಳ್ಳುತ್ತಾರೆ. ನಮಗೆ ಗೊತ್ತಿದ್ದ ಕಾಯಿಲೆ ಇಂಜಿನ್ ಕುದಿಯುವುದು, ಶಿರಾಡಿಯಲ್ಲೋ ಆಗುಂಬೆಯಲ್ಲೋ ಬಾನೆಟ್ ಎತ್ತಿ ನೀರು ಹೊಯ್ಯುವುದು. ಇಂಜಿನ್ ತಣ್ಣಗಿರುವುದೂ ಕಾಯಿಲೆ ಅಂತ ನಮಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಲಂಡನ್ನಿನಲ್ಲಿ ಗಾಡಿ ಓಡಿಸಿ ಹೊಟ್ಟೆ ಹೊರೆಯುವವರ ಚಳಿ ಇನ್ನೂ ಬೇರೆ. 1948ರ ಆಸ್ಟಿನ್ ಎಫ್‌ಎಕ್ಸ್3 ಟ್ಯಾಕ್ಸಿಯಲ್ಲಿ ಡ್ರೈವರ್ ಪಕ್ಕದಲ್ಲಿ ಸೀಟಿಲ್ಲ, ಸಾಮಾನು ಇಡುವ ಜಾಗ. ಅದಕ್ಕೆ ಬಾಗಿಲೂ ಇಲ್ಲ. ಗಿರಾಕಿ ಹಿಂದೆ ಬೆಚ್ಚಗೆ, ಡ್ರೈವರ್ ಅರ್ಧ ಬೀದಿಯಲ್ಲಿ. 1958ರ ಎಫ್‌ಎಕ್ಸ್4ರಲ್ಲಿ ನಾಲ್ಕನೇ ಬಾಗಿಲು ಬಂತು. ಬಸ್ಸಿನ ವಿಷಯಕ್ಕೆ ಬಂದರೆ, 1956ರ ಫೆಬ್ರವರಿಯಲ್ಲಿ ರಸ್ತೆಗಿಳಿದ ರೂಟ್‌ಮಾಸ್ಟರ್‌ನ ಯಂತ್ರಭಾಗ ಸೌತ್‌ಹಾಲ್‌ನ ಎ.ಇ.ಸಿ.ಯದು, ಮೈ ಪಾರ್ಕ್ ರಾಯಲ್‌ನದು. ಪ್ರಯಾಣಿಕರಿಗೆ ಹೀಟರ್ ಇದೆ ಅನ್ನುವುದೂ ಆ ಬಸ್ಸಿನ ಹೆಗ್ಗಳಿಕೆಗಳಲ್ಲಿ ಒಂದು. ಆದರೆ ಹಿಂದಿನ ತೆರೆದ ಮೆಟ್ಟಿಲ ಮೇಲೆ ನಿಂತ ಕಂಡಕ್ಟರ್‌ಗೆ ಆ ಬಿಸಿ ಎಷ್ಟು ತಲುಪುತ್ತಿತ್ತು? 1956ರಿಂದ ಲಂಡನ್ ಟ್ರಾನ್ಸ್‌ಪೋರ್ಟ್ ಬಾರ್ಬಡೋಸ್‌ನಿಂದ ನೇರ ಜನ ಕರೆಸಿಕೊಂಡಿತ್ತು. ಸಮುದ್ರದ ಬಿಸಿಲಿನಿಂದ ಬಂದು ಆ ಮೆಟ್ಟಿಲ ಮೇಲೆ ಜನವರಿ ಕಳೆದವರ ಪಾಡು ನಾವು ಊಹಿಸಬಹುದು.

ಆಮೇಲೆ 1962-63ರ ಚಳಿಗಾಲ. ಬಾಕ್ಸಿಂಗ್ ಡೇ ಸುಮಾರಿಗೆ ಶುರುವಾದ ಹಿಮ ಮಾರ್ಚ್ ಮೊದಲ ವಾರದವರೆಗೆ ಬಿಡಲಿಲ್ಲ. ಮಧ್ಯ ಇಂಗ್ಲೆಂಡಿನ ಜನವರಿ ಸರಾಸರಿ ಸೊನ್ನೆಗಿಂತ 2.1 ಡಿಗ್ರಿ ಕೆಳಗೆ. 1814ರ ನಂತರ ಅಂಥ ತಿಂಗಳು ಬಂದಿರಲಿಲ್ಲ. ಆಕ್ಸ್‌ಫರ್ಡ್ ಹತ್ತಿರ ಹೆಪ್ಪುಗಟ್ಟಿದ ಥೇಮ್ಸ್ ಮೇಲೆ ಕಾರು ಓಡಿಸಿದವರೂ ಉಂಟು. ಹೀಟರ್ ಶೋಕಿ ಅನ್ನುವ ಮಾತು ಅಂಥ ಎರಡು ತಿಂಗಳನ್ನು ತಡೆದುಕೊಂಡಿರಲಾರದು ಅಂತ ನನ್ನ ಅನಿಸಿಕೆ. ಡ್ಯಾಗನಂನಲ್ಲಿ ತಯಾರಾಗುತ್ತಿದ್ದ ಫೋರ್ಡ್ ಕಾರ್ಟಿನಾ ಆ ಚಳಿಗೆ ಮೂರು ತಿಂಗಳು ಮುಂಚೆ ಮಾರುಕಟ್ಟೆಗೆ ಬಂದಿತ್ತು. 1964ರ ಅಕ್ಟೋಬರ್‌ನಲ್ಲಿ ಅದಕ್ಕೇ "ಏರೋಫ್ಲೋ" ಸೇರಿಸಿದರು: ಡ್ಯಾಶ್‌ಬೋರ್ಡಿನ ಎರಡು ತುದಿಯ ಗುಂಡು ಕಿಂಡಿಗಳಿಂದ ಗಾಳಿ ಮುಖಕ್ಕೆ, ಒಳಗಿನ ಹಬೆಗಾಳಿ ಹಿಂಭಾಗದ ಕಿಂಡಿಗಳಿಂದ ಹೊರಗೆ. ನಮ್ಮ ಇವತ್ತಿನ ಕಾರುಗಳ ಕಿಂಡಿಗಳ ಹಿರಿಯಜ್ಜ ಇದು. ಡ್ಯಾಗನಂ ಆಗ ಇನ್ನೂ ಎಸೆಕ್ಸ್‌ನಲ್ಲಿತ್ತು. ಗ್ರೇಟರ್ ಲಂಡನ್‌ಗೆ ಸೇರಿದ್ದು 1965ರಲ್ಲಿ.

ಮುಂದಿನ ಎರಡು ಬದಲಾವಣೆ ಸದ್ದಿಲ್ಲದೆ ಆದವು, ಆದರೆ ನಮ್ಮ ಜಗಳಕ್ಕೆ ಅವೇ ಮುಖ್ಯ. ಒಂದು, ಚೋಕ್ ಹೋಗಿ ಇಂಜೆಕ್ಷನ್ ಬಂತು. 1993ರಿಂದ ಇಲ್ಲಿನ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾದ ಮೇಲೆ ಚೋಕ್ ಎಳೆಯುವ ಕಾಲ ಮುಗಿಯಿತು. ತಣ್ಣಗಿರುವಾಗಲೂ ಇಂಜಿನ್ ಕೆಮ್ಮದೆ ಹೊರಡುತ್ತದೆ, ಕಾಯಬೇಕಾಗಿಲ್ಲ. ಎರಡು, ಹೀಟರ್‌ನ ನಲ್ಲಿಯೂ ಬಹಳ ಕಾರುಗಳಲ್ಲಿ ಹೋಯಿತು. ಈಗ ಬಿಸಿನೀರು ಹೀಟರ್ ಜಾಲರಿಯಲ್ಲಿ ಸದಾ ಹರಿಯುತ್ತದೆ. ಕೆಂಪು-ನೀಲಿ ಗುಂಡಿ ತಿರುಗಿಸಿದರೆ ಒಳಗೊಂದು ಹಲಗೆ ವಾಲಿ, ಗಾಳಿ ಜಾಲರಿಯ ಮೂಲಕ ಹೋಗಬೇಕೋ ಪಕ್ಕದಿಂದ ಹೋಗಬೇಕೋ ಅಂತ ತೀರ್ಮಾನ ಮಾಡುತ್ತದೆ. ಹಾಗಾಗಿ ಈಗ ಶಾಖ ಕದಿಯುವುದು ಬ್ಲೋವರ್. ಗುಂಡಿ ಕೆಂಪಿನಲ್ಲಿದ್ದು ಬ್ಲೋವರ್ ಆಫ್ ಇದ್ದರೆ ಇಂಜಿನ್ನಿಗೆ ಹೆಚ್ಚು ನಷ್ಟವಿಲ್ಲ.

ಅಂದಮೇಲೆ ಬೆಳಿಗ್ಗೆ ಏನು ಮಾಡಬೇಕು? ನಾನು ಮಾಡುವುದು ಹೀಗೆ. ಮೊದಲು ಕೆರೆಯುವ ಪಟ್ಟಿಯಿಂದ, ಡೀ-ಐಸರ್‌ನಿಂದ ಎಲ್ಲ ಗಾಜೂ ತೆಗೆಯುತ್ತೇನೆ. ಅಂಚೆಪೆಟ್ಟಿಗೆಯ ಬಾಯಿಯಷ್ಟು ಕಿಂಡಿ ಮಾಡಿಕೊಂಡು ಹೊರಡುವುದು ಅಪಾಯ, ಕಾನೂನಿಗೂ ವಿರುದ್ಧ. ಕುದಿಯುವ ನೀರಂತೂ ಬೇಡವೇ ಬೇಡ, ಗಾಜು ಸೀಳುತ್ತದೆ. ಆಮೇಲೆ ಸ್ಟಾರ್ಟ್ ಮಾಡಿ, ಬ್ಲೋವರ್ ಕಡಿಮೆಯಲ್ಲಿ, ಗಾಳಿ ಮುಂದಿನ ಗಾಜಿಗೆ ಮಾತ್ರ. ಒಳಗೆ ಉಸಿರಿನ ಹಬೆ ಕೂತರೆ ಏ.ಸಿ. ಹಾಕುತ್ತೇನೆ, ಅದು ಗಾಳಿಯ ತೇವ ಹೀರುತ್ತದೆ (ತೀರಾ ಸೊನ್ನೆ ಹತ್ತಿರವಿದ್ದರೆ ಅದು ಕೆಲಸ ಮಾಡದೇ ಇರಬಹುದು). ಒಳಗಿನ ಗಾಳಿಯನ್ನೇ ಸುತ್ತಿಸುವ ಗುಂಡಿ ಒತ್ತಿದರೆ ಬೇಗ ಬೆಚ್ಚಗಾಗುತ್ತದೆ, ಆದರೆ ಗಾಜು ಅಷ್ಟೇ ಬೇಗ ಮಂಜಾಗುತ್ತದೆ. ಅರ್ಧ ನಿಮಿಷದಲ್ಲಿ ಹೊರಟು ಮೊದಲ ಒಂದೆರಡು ಮೈಲಿ ಆಕ್ಸಿಲೇಟರ್ ಒತ್ತದೆ ಹೋಗುತ್ತೇನೆ. ಮುಳ್ಳು ಅಲ್ಲಾಡಿದ ಮೇಲೆ ಬ್ಲೋವರ್ ಜಾಸ್ತಿ. ಗಾಜು ಕಾಣದಿದ್ದರೆ ಮಾತ್ರ ಇಂಜಿನ್ ಲೆಕ್ಕ ಬಿಟ್ಟು ಫುಲ್ ಹಾಕಿ; ಕಣ್ಣು ಮುಖ್ಯ.

ನಿಂತಲ್ಲೇ ಓಡಿಸುವವರಿಗೆ ಇನ್ನೂ ಎರಡು ಮಾತು. ಸಾರ್ವಜನಿಕ ರಸ್ತೆಯಲ್ಲಿ ಕಾರಣವಿಲ್ಲದೆ ಇಂಜಿನ್ ಓಡಿಸಿಕೊಂಡು ನಿಲ್ಲುವುದು 1986ರ ವಾಹನ ನಿಯಮಗಳ ಪ್ರಕಾರ ತಪ್ಪು. ಆಫ್ ಮಾಡಿ ಅಂದ ಮೇಲೂ ಮಾಡದಿದ್ದರೆ 20 ಪೌಂಡ್ ದಂಡ, ತಡವಾದರೆ 40. ಕಾರು ಚಾಲೂ ಬಿಟ್ಟು ಒಳಗೆ ಚಹಾ ಕುಡಿಯಲು ಹೋಗುವುದೂ ತಪ್ಪು. ಅಷ್ಟರಲ್ಲಿ ಯಾರಾದರೂ ಹತ್ತಿ ಹೋದರೆ, ಕೀಲಿ ಕಾರಲ್ಲೇ ಇತ್ತು ಅಂತ ಬಹಳ ಇನ್ಶೂರೆನ್ಸ್ ಕಂಪನಿಗಳು ಕೈ ಎತ್ತುತ್ತವೆ. ಮುಚ್ಚಿದ ಗ್ಯಾರೇಜಿನೊಳಗೆ ಓಡಿಸುವುದಂತೂ ಜೀವಕ್ಕೇ ಅಪಾಯ.

2010ರ ನನ್ನ ಕಾರಿನ ವಿಷಯ ಅರ್ಧಕ್ಕೆ ಬಿಟ್ಟೆ. ಹೀಟರ್ ಆಫ್ ಇಟ್ಟರೂ ಅದರ ಮುಳ್ಳು ಮೇಲೇಳುತ್ತಿರಲಿಲ್ಲ. ಟ್ರಾಫಿಕ್‌ನಲ್ಲಿ ಸ್ವಲ್ಪ ಏರಿ, ಎಂ4 ಹತ್ತಿದ ಕೂಡಲೇ ಕೆಳಗೆ. ಒಂದು ಗ್ಯಾರೇಜಿನವರು ಹೀಟರ್ ಜಾಲರಿಯೇ ಬದಲಿಸಬೇಕು, ಡ್ಯಾಶ್‌ಬೋರ್ಡ್ ಬಿಚ್ಚಬೇಕು, 400 ಪೌಂಡ್ ಅಂದರು. ನನ್ನ ಎರಡು ವಾರದ ಊಟ-ಬಾಡಿಗೆ ಅದು. ಅಂಕಲ್‌ಜೀ ಒಂದು ಬೆಳಿಗ್ಗೆ ಕೋಟು ಹಾಕಿಕೊಂಡು ಹೊರಗೆ ಬಂದು, ಇಂಜಿನ್ ಚಾಲೂ ಮಾಡಿಸಿ, ರೇಡಿಯೇಟರ್‌ನ ಮೇಲಿನ ಪೈಪು ಹಿಡಿದು ನಿಂತರು. ಎರಡೇ ನಿಮಿಷಕ್ಕೆ ಅದು ಬೆಚ್ಚಗಾಗುತ್ತಾ ಬಂತು. ಇಂಜಿನ್ ಬಿಸಿಯಾಗುವ ತನಕ ಆ ಪೈಪು ತಣ್ಣಗೇ ಇರಬೇಕು; ಥರ್ಮೋಸ್ಟಾಟ್ ತೆರೆದುಕೊಂಡೇ ಸಿಕ್ಕಿಹಾಕಿಕೊಂಡಿದೆ ಅಂದರು. ಮುಳ್ಳು ಸರಿಯಾಗಿದ್ದೂ ಒಳಗೆ ತಣ್ಣನೆ ಗಾಳಿ ಬಂದರೆ, ಹೀಟರ್‌ಗೆ ಹೋಗುವ ಎರಡು ಪೈಪುಗಳಲ್ಲಿ ಒಂದು ಬಿಸಿ ಇನ್ನೊಂದು ತಣ್ಣಗಿದ್ದರೆ, ಆಗ ಜಾಲರಿಯನ್ನು ಅನುಮಾನಿಸು ಅಂತಲೂ ಹೇಳಿದರು. 12 ಪೌಂಡಿನ ಥರ್ಮೋಸ್ಟಾಟ್ ತಂದು, ಇಂಜಿನ್ ತಣ್ಣಗಿರುವಾಗ ಇಬ್ಬರೂ ಸೇರಿ ಹಾಕಿದೆವು. ಮರುದಿನ ಹೇಸ್ ದಾಟುವಷ್ಟರಲ್ಲಿ ಮುಳ್ಳು ನಡುವಿಗೆ ಬಂತು.

ತೀರ್ಥಹಳ್ಳಿಯವನ ಮಾತು ಪೂರ್ತಿ ಸುಳ್ಳಲ್ಲ ಅಂತ ಮಾತ್ರ ಆಮೇಲೆ ತಿಳಿಯಿತು. ಒಂದು ಆಗಸ್ಟ್‌ನಲ್ಲಿ ಎಂ25ರ ಟ್ರಾಫಿಕ್ ಜಾಮ್‌ನಲ್ಲಿ ಮುಳ್ಳು ಕೆಂಪಿಗೆ ಏರತೊಡಗಿದಾಗ ಹೀಟರ್ ಫುಲ್ ಬಿಸಿಗೆ, ಬ್ಲೋವರ್ ಫುಲ್‌ಗೆ ಇಟ್ಟು, ಕಿಟಕಿ ಇಳಿಸಿ, ಬೆವರು ಸುರಿಸುತ್ತಾ ಪಕ್ಕಕ್ಕೆ ನಿಲ್ಲಿಸುವ ಜಾಗದವರೆಗೆ ತಂದೆ. ಬೆಳಿಗ್ಗೆ ಶಾಖ ಕದಿಯುವ ಕಳ್ಳನೇ ಆ ಹೊತ್ತಿಗೆ ಎರಡನೇ ರೇಡಿಯೇಟರ್ ಆಗಿ ಇಂಜಿನ್ ಉಳಿಸಿದ.

ಈಗ ಈ ಚರ್ಚೆಯೇ ಬದಲಾಗುತ್ತಿದೆ. 2023ರ ಜನವರಿಯಿಂದ ಲಂಡನ್ನಿನಲ್ಲಿ ಹೊಸದಾಗಿ ಲೈಸೆನ್ಸ್ ಪಡೆಯುವ ಮಿನಿಕ್ಯಾಬ್‌ಗಳು ಹೊಗೆಯಿಲ್ಲದೆ ಓಡಬಲ್ಲವಾಗಿರಬೇಕು. ನಮ್ಮಲ್ಲಿ ಹಲವರು ಬ್ಯಾಟರಿ ಕಾರಿಗೆ ಬಂದಿದ್ದಾರೆ. ಅದರಲ್ಲಿ ಪುಕ್ಕಟೆ ಶಾಖವೇ ಇಲ್ಲ. ಹೀಟರ್ ಹಾಕಿದರೆ ಬ್ಯಾಟರಿಯಿಂದಲೇ ಹೋಗಬೇಕು, ಮೈಲಿಗಳು ಕಡಿಮೆಯಾಗುತ್ತವೆ. ಅದಕ್ಕೇ ಮನೆಯಲ್ಲಿ ಚಾರ್ಜಿಗಿಟ್ಟಾಗಲೇ ಕಾರು ಬೆಚ್ಚಗೆ ಮಾಡಿಕೊಂಡು ಹೊರಡುತ್ತಾರೆ, ಸೀಟಿನ ಬಿಸಿಯಲ್ಲೇ ಸುಧಾರಿಸುತ್ತಾರೆ. ಹೋದ ಜನವರಿಯಲ್ಲಿ ಹೀಥ್ರೋ ಹತ್ತಿರ ಬುಕಿಂಗ್ ಕಾಯುತ್ತಿದ್ದ ಗೆಳೆಯನ ಕಾರಿನಲ್ಲಿ ಸ್ವಲ್ಪ ಹೊತ್ತು ಕೂತಿದ್ದೆ. ಹೀಟರ್ ಆಫ್. ಊರಿಂದ ತಂದ ಕರೀ ಕಂಬಳಿಯ ಒಂದು ತುದಿ ನನ್ನ ಕಾಲ ಮೇಲೂ ಎಳೆದು, "ಇನ್ನೂ 60 ಮೈಲಿ ಇದೆ, ಒಂದು ಗ್ಯಾಟ್ವಿಕ್ ಟ್ರಿಪ್ ಸಿಕ್ಕರೆ ಸಾಕು" ಅಂದ.